ಯೆರೂಸಲೇಮ್ ಬಿದ್ದಿದ್ದು ಯಾರ ಪಾಪಕ್ಕೆ?

ಗೆಳೆಯರೇ, ಸ್ವಲ್ಪ ಉದ್ದದ ಪೋಸ್ಟ್. ದಯವಿಟ್ಟು ಪೂರ್ತಿ ಓದಿ.

ನಮ್ಮ ಕೇರಿಗಳ ಎಷ್ಟೋ ಪ್ರಾರ್ಥನಾ ಕೂಟಗಳಲ್ಲಿ, ಯೂಟ್ಯೂಬ್ ಪ್ರಸಂಗಗಳಲ್ಲಿ ಒಂದು ಮಾತು ಪದೇ ಪದೇ ಕೇಳಿಬರುತ್ತೆ. ಬೈಬಲ್ಲಿನ ಪ್ರವಾದಿಗಳು ಹೇಳಿದ ನ್ಯಾಯತೀರ್ಪು, ಸೆರೆವಾಸ ಎಲ್ಲಾ ಹೇಳಿದ ಹಾಗೇ ನೆರವೇರಿತು. ಅದೇ ರೀತಿ ನಿಮ್ಮ ಬಡತನ, ಕಾಯಿಲೆ, ಸಾಲ ಕೂಡ ನಿಮ್ಮ ಪಾಪಕ್ಕೆ ಬಂದ ಶಿಕ್ಷೆ ಅಂತ. ಮೊದಲನೇ ಮಾತಿನ ಬಗ್ಗೆ ಇತಿಹಾಸ ಇಟ್ಟುಕೊಂಡು ಮಾತಾಡಬಹುದು. ಎರಡನೇದು ಮಾತ್ರ ನಮ್ಮ ತಲೆಮಾರುಗಳ ಮೇಲೆ ಹೇರಿದ ಕರ್ಮಸಿದ್ಧಾಂತವೇ, ಬೇರೆ ಬಟ್ಟೆ ಹಾಕ್ಕೊಂಡು ಬಂದಿದೆ ಅಷ್ಟೆ.

ಆ ಪ್ರವಾದಿಗಳು ಯಾರ ಮೇಲೆ ಆರೋಪ ಹೊರಿಸಿದ್ರು ಅನ್ನೋದನ್ನ ಒಮ್ಮೆ ನೋಡಿ.

ಕ್ರಿ.ಪೂ. 8ನೇ ಶತಮಾನದ ಆಮೋಸ ತೆಕೋವ ಊರಿನ ಕುರಿಗಾಹಿ. ಅವನು ಬೈದಿದ್ದು ದಂತದ ಮಂಚದ ಮೇಲೆ ಮಲಗಿದ್ದವರನ್ನ, ತಕ್ಕಡಿಯಲ್ಲಿ ಮೋಸ ಮಾಡಿದವರನ್ನ, ಒಂದು ಜೊತೆ ಚಪ್ಪಲಿಯ ಬೆಲೆಗೆ ಬಡವನನ್ನ ಮಾರಿದವರನ್ನ. ನೀವು ಸೆರೆ ಹೋಗ್ತೀರಿ ಅಂತ ಅವನು ಹೇಳಿದ್ದು ಅವರಿಗೇ. ಮುಂದೆ ಕ್ರಿ.ಪೂ. 722ರ ಸುಮಾರಿಗೆ ಅಶ್ಶೂರ್ಯರು ಸಮಾರ್ಯವನ್ನ ಹಿಡಿದ್ರು. ಅಲ್ಲಿಂದ 27 ಸಾವಿರಕ್ಕೂ ಹೆಚ್ಚು ಜನರನ್ನ ಎತ್ತಿಕೊಂಡು ಹೋದೆ ಅಂತ ಸರ್ಗೋನ್ ರಾಜ ತನ್ನ ಶಾಸನದಲ್ಲೇ ಕೊಚ್ಚಿಕೊಂಡಿದ್ದಾನೆ.

ಯೆರೂಸಲೇಮಿನ ಕಥೆ ಇನ್ನೂ ಸ್ಪಷ್ಟ. ಬಾಬಿಲೋನಿನ ಸೈನ್ಯ ಊರನ್ನ ಸುತ್ತಿಕೊಂಡಾಗ ರಾಜ ಚಿದ್ಕೀಯ ಮತ್ತು ಅಲ್ಲಿನ ಯಜಮಾನರು ದೇವರ ಮುಂದೆ ಕರಾರು ಮಾಡಿ ತಮ್ಮ ಜೀತದವರನ್ನ ಬಿಡುಗಡೆ ಮಾಡಿದ್ರು. ಅಷ್ಟರಲ್ಲಿ ಈಜಿಪ್ಟಿನ ಪಡೆ ಬರುತ್ತಿದೆ ಅನ್ನೋ ಸುದ್ದಿಗೆ ಬಾಬಿಲೋನಿನವರು ಹಿಂದೆ ಸರಿದ್ರು. ಅಪಾಯ ಕಳೀತು ಅಂದುಕೊಂಡ ಯಜಮಾನರು ಬಿಟ್ಟವರನ್ನೆಲ್ಲಾ ಮತ್ತೆ ಹಿಡಿದು ತಂದು ಜೀತಕ್ಕೆ ಹಾಕಿದ್ರು! ಯೆರೆಮೀಯ ಸಿಟ್ಟಿಗೆದ್ದು ಈ ಊರು ಉಳಿಯಲ್ಲ ಅಂತ ಹೇಳಿದ್ದು ಆವಾಗ. 1976ರ ಜೀತ ರದ್ದತಿ ಕಾನೂನಿನ ನಂತರವೂ ಬಿಡುಗಡೆ ಪತ್ರ ಕೈಲಿ ಹಿಡಿದು, ಭೂಮಿ ಇಲ್ಲದೆ, ಕೂಲಿ ಇಲ್ಲದೆ ಅದೇ ಧಣಿಯ ಮನೆ ಬಾಗಿಲಿಗೆ ವಾಪಸ್ ಹೋದವರನ್ನ ಕಂಡ ನಮಗೆ ಈ ಅಧ್ಯಾಯವನ್ನ ಯಾರೂ ಬಿಡಿಸಿ ಹೇಳಬೇಕಿಲ್ಲ.

ಇಷ್ಟು ಹೇಳಿದವನಿಗೆ ಸಿಕ್ಕಿದ್ದೇನು? ಶತ್ರುವಿನ ಕಡೆಯವನು, ಸೈನಿಕರ ಧೈರ್ಯ ಕೆಡಿಸುವವನು ಅನ್ನೋ ಪಟ್ಟ. ಕೆಸರು ತುಂಬಿದ ಬಾವಿಗೆ ಇಳಿಬಿಟ್ರು. ಹಗ್ಗದ ಜೊತೆ ಹಳೇ ಚಿಂದಿಬಟ್ಟೆ ಇಳಿಸಿ, ಕಂಕುಳಿಗೆ ಇಟ್ಕೋ ಅಂದು ಮೇಲೆತ್ತಿದವನು ಅರಮನೆಯ ಚಾಕರಿಯಲ್ಲಿದ್ದ ಒಬ್ಬ ಆಫ್ರಿಕಾದವನು, ಕೂಷ್ ದೇಶದವನು.

ಕ್ರಿ.ಪೂ. 586ರ ಸುಮಾರಿಗೆ ಊರು ಬಿತ್ತು, ದೇವಾಲಯ ಸುಟ್ಟುಹೋಯ್ತು. ಸೆರೆ ಹೋದವರು ಯಾರು? ರಾಜಮನೆತನ, ಅಧಿಕಾರಿಗಳು, ಪುರೋಹಿತರು, ಸೈನಿಕರು, ಕಮ್ಮಾರರು, ಕುಶಲಕರ್ಮಿಗಳು. ಯೆರೆಮೀಯನ ಗ್ರಂಥದ ಲೆಕ್ಕದಲ್ಲಿ ಮೂರು ಸಲಕ್ಕೆ ಸೇರಿ 4,600 ಜನ. ಅದಕ್ಕೂ ಮೊದಲೇ ಹಿಡಿದೊಯ್ದಿದ್ದ ರಾಜ ಯೆಹೋಯಾಖೀನನಿಗೆ ಎಷ್ಟು ಎಣ್ಣೆ ಪಡಿ ಕೊಡ್ತಿದ್ರು ಅನ್ನೋದು ಬಾಬಿಲೋನಿನಲ್ಲಿ ಸಿಕ್ಕ ಮಣ್ಣಿನ ಹಲಗೆಗಳಲ್ಲಿ ಇವತ್ತಿಗೂ ಓದಲಿಕ್ಕೆ ಸಿಗುತ್ತೆ. ಏನೂ ಇಲ್ಲದ ಬಡವರನ್ನ ಮಾತ್ರ ಬಾಬಿಲೋನಿನ ದಳಪತಿ ಅಲ್ಲೇ ಬಿಟ್ಟು, ಹೊಲ, ದ್ರಾಕ್ಷಿತೋಟ ಕೊಟ್ಟ ಅಂತ ಅದೇ ಗ್ರಂಥ ಹೇಳುತ್ತೆ. ನಾಡಿಗೆ ನಾಡೇ ಸೆರೆ ಹೋಯ್ತು ಅನ್ನೋರ ಬಾಯಲ್ಲಿ ಈ ಸಾಲು ಯಾಕೆ ಬರಲ್ಲ?

ಹಾಗಂತ ಬಾಬಿಲೋನಿನವರು ಬಡವರನ್ನ ಉದ್ಧಾರ ಮಾಡಕ್ಕೆ ಬಂದಿರಲಿಲ್ಲ. ತೋಟ ಪಾಳು ಬೀಳದೆ ಕಂದಾಯ ಬರಬೇಕಿತ್ತು, ಅಷ್ಟೆ. ಮುತ್ತಿಗೆಯ ಹಸಿವಲ್ಲಿ ಸತ್ತವರಲ್ಲಿ ಯಜಮಾನರ ಮಕ್ಕಳೂ ಇದ್ರು, ಆಳುಗಳ ಮಕ್ಕಳೂ ಇದ್ರು. ಎಲ್ಲವೂ ಹೇಳಿದ ಹಾಗೇ ನಡೀತು ಅನ್ನೋದೂ ಸರಿಯಲ್ಲ. ತೂರ್ ಪಟ್ಟಣವನ್ನ ನೆಬೂಕದ್ನೆಚ್ಚರ ಸೂರೆ ಮಾಡ್ತಾನೆ ಅಂದಿದ್ದ ಯೆಹೆಜ್ಕೇಲ, ಅಷ್ಟು ದುಡಿದರೂ ಆ ಸೈನ್ಯಕ್ಕೆ ಅಲ್ಲಿ ಏನೂ ದಕ್ಕಲಿಲ್ಲ ಅಂತ ಮುಂದೆ ತಾನೇ ಹೇಳ್ತಾನೆ. ನನ್ನ ಮಟ್ಟಿಗೆ ಪ್ರವಾದಿ ಅಂದ್ರೆ ಜ್ಯೋತಿಷಿ ಅಲ್ಲ. ಆಳುವವರ ಲೆಕ್ಕಪುಸ್ತಕ ಬಿಚ್ಚಿ ಬೀದಿಯಲ್ಲಿ ಓದಿದವನು.

ಇನ್ನೊಂದು ವಿಷಯ. ಅಪ್ಪಂದಿರ ತಪ್ಪಿಗೆ ಮಕ್ಕಳು ದಂಡ ತೆರಬೇಕು ಅನ್ನೋ ಗಾದೆ ಆಗ ಚಾಲ್ತಿಯಲ್ಲಿತ್ತು. ಇನ್ಮೇಲೆ ಆ ಗಾದೆ ನಡೆಯಲ್ಲ, ಅವರವರ ತಪ್ಪು ಅವರವರಿಗೆ ಅಂತ ಸೆರೆಯಲ್ಲಿದ್ದವರಿಗೆ ಹೇಳಿದವನೂ ಇದೇ ಯೆಹೆಜ್ಕೇಲ. ಹುಟ್ಟಿಗೇ ಪಾಪ ಅಂಟಿಸಿ ನಮ್ಮನ್ನ ಊರಾಚೆ ಇಟ್ಟ ವ್ಯವಸ್ಥೆಗೆ ಈ ಮಾತು ನೇರ ವಿರುದ್ಧ.

ತೀರ್ಪಿನಿಂದ ನ್ಯಾಯ ತಾನಾಗಿ ಬಂತಾ? ಇಲ್ಲ. ಸೆರೆ ಹೋದವರ ಮಕ್ಕಳು, ಮೊಮ್ಮಕ್ಕಳು ವಾಪಸ್ ಬಂದ ಮೇಲೆ, ನೆಹೆಮೀಯನ ಕಾಲಕ್ಕೆ, ಬಡವರು ಕಾಳಿಗಾಗಿ ಹೊಲ ಅಡವಿಟ್ಟು ಹೆಣ್ಣುಮಕ್ಕಳನ್ನ ಮತ್ತೆ ಜೀತಕ್ಕೆ ಕಳಿಸ್ತಿದ್ರು. ಜನ, ಅವರ ಜೊತೆ ಹೆಂಗಸರು, ಎದ್ದು ಕೂಗಿದ ಮೇಲೇ ಹೊಲಗಳು ವಾಪಸ್ ಬಂದಿದ್ದು.

ಅದಕ್ಕೇ ಹೇಳ್ತಿದೀನಿ, ಇನ್ನೊಂದು ಸಲ ಯಾರಾದ್ರೂ ನಿಮ್ಮ ಕಷ್ಟ ತೋರಿಸಿ ಇದು ದೇವರ ತೀರ್ಪು ಅಂದ್ರೆ ತಲೆ ತಗ್ಗಿಸಬೇಡಿ. ಆರೋಪ ಏನು, ಆರೋಪಿ ಯಾರು, ಪುಸ್ತಕ ತೆಗೆದು ತೋರ್ಸಿ ಸ್ವಾಮಿ ಅಂತ ಕೇಳಿ. ಆ ಪುಸ್ತಕದಲ್ಲಿ ಕಟಕಟೆಯಲ್ಲಿ ನಿಂತಿರೋದು ಜೀತದಾಳಲ್ಲ, ಅವನನ್ನ ಬಿಟ್ಟು ಮತ್ತೆ ಹಿಡಿದವನು.

ಜೈಭೀಮ್.