ಎದೆಯ ಮೇಲಿನ ಬಿಲ್ಲೆ ಯಾರದು?

ಅಣ್ಣಿಗೇರಿಯ ಸಂತೆಯಲ್ಲಿ ನನ್ನ ಹಳೆಯ ಶಿಷ್ಯನೊಬ್ಬ ಸಿಕ್ಕಿದ್ದ. ತಂದೆಯ ಕಿರಾಣಿ ಅಂಗಡಿ ನೋಡಿಕೊಳ್ಳುವ ಹುಡುಗ. ಅಂಗಿಯ ಮೇಲೆ ಫಳಫಳ ಹೊಳೆಯುವ ಎನಾಮಲ್ ಬಿಲ್ಲೆ. ಅದರ ಮೇಲೆ ಒಂದು ಮೋಟಾರ್ ಸೈಕಲ್ ಕಂಪನಿಯ ಗುರುತು.

“ಏನೋ ತಮ್ಮಾ, ಗಾಡಿ ತಗೊಂಡೇನು?” ಎಂದೆ.

“ಗಾಡಿ ಎಲ್ಲೀದ್ರಿ ಮಾಸ್ತರ್ರ, ಬಿಲ್ಲಾ ಅಷ್ಟ. ಬರೇ ಐನೂರ ಮಾಡ್ಯಾರಂತ, ಮತ್ತ ಮಾಡೂದಿಲ್ಲಂತ. ಎಂಟನೂರ ರೂಪಾಯಿ ಕೊಟ್ಟ ತರಿಸೀನ್ರಿ.”

ಎಂಟುನೂರು ರೂಪಾಯಿ ಲಾಭ ಕಾಣಲು ಅವನ ತಂದೆ ಎಷ್ಟು ಬೇಳೆ ತೂಗಬೇಕೆಂಬುದನ್ನು ಸಣ್ಣ ವ್ಯಾಪಾರಿಗಳಿಗೆ ಹೇಳಬೇಕಿಲ್ಲ.

ಹುಡುಗನನ್ನು ಹೀಯಾಳಿಸಲು ಇದನ್ನು ಬರೆಯುತ್ತಿಲ್ಲ. ಕೂಡಿಡುವ ಹವ್ಯಾಸ ಒಳ್ಳೆಯದೇ. ಅಂಚೆಚೀಟಿ ಕೂಡಿಸಿದ ಮಕ್ಕಳು ಭೂಗೋಳವನ್ನು ಬೇಗ ಕಲಿತದ್ದನ್ನು ಶಾಲೆಯಲ್ಲಿ ಕಂಡಿದ್ದೇನೆ. ನನ್ನ ಪ್ರಶ್ನೆ ಬೇರೆ: ಈ ‘ಬರೇ ಐನೂರು’ ಎಂಬುದನ್ನು ನಿಶ್ಚಯಿಸಿದವರು ಯಾರು?

ಬಿಲ್ಲೆ ತಯಾರಾಗುವ ಬಗೆ ನೋಡಿರಿ. ಮೊದಲು ಉಕ್ಕಿನ ಅಚ್ಚು ಕೊರೆಯಬೇಕು. ಆ ಅಚ್ಚಿನಿಂದ ತಾಮ್ರದ ತಗಡನ್ನು ಒತ್ತಿ, ತಗ್ಗುಗಳಲ್ಲಿ ಬಣ್ಣದ ಗಾಜಿನ ಪುಡಿ ತುಂಬಿ, ಸುಮಾರು 800 ಡಿಗ್ರಿ ಕಾವಿನಲ್ಲಿ ಸುಟ್ಟು ಉಜ್ಜುತ್ತಾರೆ. ಇಂದಿನ ಅಗ್ಗದ ಬಿಲ್ಲೆಗಳಲ್ಲಿ ಗಾಜೂ ಇಲ್ಲ, ಬರಿಯ ಬಣ್ಣ. ಐನೂರು ಒತ್ತಿದ ಅಚ್ಚು ಐದು ಸಾವಿರವನ್ನೂ ಒತ್ತಬಲ್ಲದು. ತಾಮ್ರ ತೀರಿಲ್ಲ, ಕೆಲಸಗಾರನ ಕೈ ಸೋತಿಲ್ಲ. ನಿಲ್ಲಿಸಿದ್ದು ಮಾಲೀಕನ ಲೆಕ್ಕಾಚಾರ. ಇದಕ್ಕೆ ನಮ್ಮ ಪೇಟೆಯಲ್ಲಿ ಹಳೆಯ ಹೆಸರಿದೆ: ಕೃತಕ ಅಭಾವ. ಕಡಲೆಯನ್ನು ಗೋದಾಮಿನಲ್ಲಿ ಅಡಗಿಸಿ ದರ ಏರಿಸುವವನನ್ನು ಕಾಳಸಂತೆಯವನೆನ್ನುತ್ತೇವೆ. ಬಿಲ್ಲೆಯಿಲ್ಲದೆ ಯಾರೂ ಉಪವಾಸ ಬೀಳುವುದಿಲ್ಲ, ನಿಜ. ಆದರೆ ಯುಕ್ತಿ ಅದೇ. ಅದಕ್ಕೆ ‘ಲಿಮಿಟೆಡ್ ಎಡಿಶನ್’ ಎಂಬ ಹೆಸರಿಟ್ಟೊಡನೆ ಕೈಮುಗಿಯುವುದೇಕೆ?

ಈ ಯುಕ್ತಿ ಹೊಸದೂ ಅಲ್ಲ. ಬ್ರಿಟನ್ನಿನ ರಾಬರ್ಟ್‌ಸನ್ ಎಂಬ ಮುರಬ್ಬದ ಕಂಪನಿ 1928ರಲ್ಲಿ ಎನಾಮಲ್ ಬಿಲ್ಲೆ ಹಂಚತೊಡಗಿತು. ಶೀಶೆಯ ಜೊತೆಗಿನ ಚೀಟಿಗಳನ್ನು ಕೂಡಿಸಿ ಕಳಿಸಿದವರಿಗೆ ಬಿಲ್ಲೆ. ಅದರ ಮೇಲಿದ್ದದ್ದು ಕಪ್ಪು ಜನರನ್ನು ಅಣಕಿಸುವ ಗೊಂಬೆ! ಆಕ್ಷೇಪಗಳೆದ್ದರೂ 2001ರ ಸುಮಾರಿನವರೆಗೆ ಅದು ನಡೆಯಿತು. ಎದೆಗೆ ಚುಚ್ಚಿಕೊಳ್ಳುವ ಮುನ್ನ ಯಾರ ಮಾತನ್ನು ಹೊರುತ್ತಿದ್ದೇವೆಂದು ನೋಡಬೇಡವೆ?

ನಮ್ಮ ಕಡೆ ಬಿಲ್ಲೆಗೆ ಬೇರೆಯೇ ಚರಿತ್ರೆಯುಂಟು. ಸ್ಟೇಶನ್ನಿನ ಹಮಾಲನ ತೋಳಿನ ಹಿತ್ತಾಳೆ ಬಿಲ್ಲೆ, ಕಚೇರಿಯ ಜವಾನನ ಪಟ್ಟೆಯ ಬಿಲ್ಲೆ, ಗಿರಣಿ ಕಾರ್ಮಿಕನ ನಂಬರಿನ ಬಿಲ್ಲೆ, ಇವು ಶೋಕಿಯವಲ್ಲ; ದುಡಿಮೆಯ ಗುರುತುಗಳು. ಇನ್ನು ಅಂಗಡಿಯ ಗೋಡೆಗೆ ಚಹದ ಕಂಪನಿಗಳು ಹೊಡೆದ ಎನಾಮಲ್ ಫಲಕಗಳು. ಗೋಡೆ ಅಂಗಡಿಕಾರನದು, ಪ್ರಚಾರ ಕಂಪನಿಯದು. ಅವೇ ಫಲಕಗಳು ಇಂದು ಮುಂಬಯಿಯ ಚೋರ್ ಬಜಾರಿನಲ್ಲಿ ಶ್ರೀಮಂತರ ದಿವಾನಖಾನೆಗಾಗಿ ಮಾರಾಟವಾಗುತ್ತವೆ. ನಾವು ಮಾತ್ರ ಅವನ್ನು ಮೋಡಕಾದವನಿಗೆ ಕಿಲೋ ಲೆಕ್ಕದಲ್ಲಿ ಕೊಟ್ಟುಬಿಡುತ್ತೇವೆ.

ಇದನ್ನೆಲ್ಲ ಹೇಳಿದಾಗ ಹುಡುಗ ತುಸು ಸುಮ್ಮನಿದ್ದು, “ನಮ್ಮ ಅಜ್ಜ ಹುಬ್ಬಳ್ಳಿ ಗಿರಣ್ಯಾಗ ಇದ್ದಾರ್ರಿ. ಅವರ ಬಿಲ್ಲಾ ಟ್ರಂಕಿನ್ಯಾಗ ಅದ” ಎಂದ.

ಆ ನಂಬರಿನ ಬಿಲ್ಲೆ ಆ ಗಿರಣಿಯಲ್ಲಿ ಒಬ್ಬನಿಗೇ ಸೇರಿದ್ದು. ಅದರ ಹಿಂದೆ ಒಬ್ಬ ಮನುಷ್ಯನ ಜೀವಮಾನದ ಬೆವರಿದೆ. ಕಾರ್ಮಿಕ ಬಂಧುಗಳೆ, ಅಂಗಡಿಕಾರ ಮಿತ್ರರೆ, ಮನೆಯ ಟ್ರಂಕು, ಅಟ್ಟಗಳನ್ನು ಒಮ್ಮೆ ನೋಡಿರಿ. ಸಿಕ್ಕದ್ದನ್ನು ಮೋಡಕಾಕ್ಕೆ ಹಾಕಬೇಡಿರಿ; ಊರಿನ ವಾಚನಾಲಯದಲ್ಲಿ ಒಂದು ಕಪಾಟು ಕೇಳಿ ಪಡೆದು, ದುಡಿದವರ ಹೆಸರು ಬರೆದು ಇಡಿರಿ. ಕೂಡಿಡುವುದಾದರೆ ನಮ್ಮ ಚರಿತ್ರೆಯನ್ನು ಕೂಡಿಡೋಣ.