ಸವಾಲು ಎಲ್ಲಿ, ಜವಾಬು ಎಲ್ಲಿ?

ತೇರು ಎಳೆದ ಇರುಳು ಗೀಗೀ ಮೇಳಗಳ ವಾದವನ್ನು ಕೇಳುತ್ತ ಬೆಳಗು ಮಾಡುವುದು ನವಲಗುಂದ, ಕುಂದಗೋಳ ಕಡೆಯ ಹಳ್ಳಿಗರಿಗೆ ಹೊಸದಲ್ಲ. ಗುಡಿಯ ಮುಂದೆ ಎರಡು ಮೇಳಗಳು ಎದುರುಬದುರಾಗುತ್ತವೆ. ಹರದೇಶಿಯವರದು ಗಂಡು ಹೆಚ್ಚೆಂಬ ಪಕ್ಷ. ನಾಗೇಶಿಯವರದು ಹೆಣ್ಣು ಹೆಚ್ಚೆಂಬ ಪಕ್ಷ. ಮುಂದಾಳಿನ ಕೈಯಲ್ಲಿ ದಪ್ಪು, ಹಿಮ್ಮೇಳದವರಲ್ಲಿ ತುಂತುಣಿ ಮತ್ತು ತಾಳ. ನುಡಿ ಮುಗಿದೊಡನೆ ಹಿಮ್ಮೇಳವು 'ಗೀ ಗೀ' ಎಂದು ಎತ್ತಿಕೊಳ್ಳುತ್ತದೆ. ಪದಕ್ಕೆ ಹೆಸರು ಬಂದುದೂ ಅದರಿಂದಲೇ.

ಬೀಜವಿಲ್ಲದೆ ಬೆಳೆಯುಂಟೆ ಎಂದು ಹರದೇಶಿಯವನು ಕೇಳಿದನೆನ್ನಿ. ನೆರೆದವರು ಎರೆಹೊಲದ ಒಕ್ಕಲಿಗರು, ಬೀಜದ ಬೆಲೆಯನ್ನು ಬಲ್ಲವರು, ತಲೆದೂಗುತ್ತಾರೆ. ಇದಕ್ಕೆ ನಾಗೇಶಿಯ ಹಾಡುಗಾರ್ತಿಯು ಪಾರ್ವತಿಯ ಮಹಿಮೆಯನ್ನು ಎಷ್ಟೇ ಇಂಪಾಗಿ ಹಾಡಿದರೂ ಅದು ಜವಾಬಾಗದು. ಅದೇ ಬೀಜವನ್ನು ಕೈಗೆತ್ತಿಕೊಂಡು, ಬಂಡೆಯ ಮೇಲೆ ಬಿತ್ತಿ ಬೆಳೆದು ತೋರಿಸು ಎಂದಳೋ, ಆಗ ಅದು ಜವಾಬು. ಮಣ್ಣಿನ ಮಾತು ಬಂದೊಡನೆ ಅದೇ ಒಕ್ಕಲಿಗರು ಇತ್ತ ತಲೆದೂಗುತ್ತಾರೆ. ಅವಳು ಜಾರಿಕೊಂಡರೆ ಕಂಬಳಿ ಹೊದ್ದು ಕುಳಿತ ಹಿರಿಯನೊಬ್ಬ ಬಿಡುವುದಿಲ್ಲ: "ಮೊದಲಿನ ಸವಾಲ ಹಂಗ ಉಳದೈತಿ ನೋಡವಾ, ಅದಕ್ಕ ಹೇಳು."

ಯಾವ ಮಾತು ಯಾವ ಮಾತಿಗೆ ಎಂಬ ಲೆಕ್ಕವನ್ನು ಹೀಗೆ ಸಭೆಯೇ ಇಟ್ಟುಕೊಂಡಿರುತ್ತದೆ. ಹಾಡು ಕಾಗದಕ್ಕೆ ಇಳಿದಾಗ ತಪ್ಪುವುದು ಈ ಲೆಕ್ಕವೇ. 1931ರಲ್ಲಿ ಹಲಸಂಗಿಯ ಗೆಳೆಯರು 'ಗರತಿಯ ಹಾಡು' ಸಂಗ್ರಹವನ್ನು ಹೊರತಂದಾಗ ಈ ತೊಡಕು ಅಷ್ಟಾಗಿ ಕಾಡಲಿಲ್ಲ. ಬೀಸುವ ಕಲ್ಲಿನ ತ್ರಿಪದಿ ಮೂರು ಸಾಲಿನಲ್ಲಿ ತಾನೇ ಪೂರ್ಣ. ಎಲ್ಲಿ ಇಟ್ಟರೂ ಅದು ನಿಂತೀತು. ವಾದದ ಪದ ಹಾಗಲ್ಲ. ಹರದೇಶಿಯ ಪದವೊಂದನ್ನೇ ಓದಿದ ಪಟ್ಟಣದ ಗೃಹಿಣಿಗೆ ಅದು ಹೆಣ್ಣನ್ನು ಹಳಿಯುವ ಹಾಡಾಗಿಯೇ ಕಂಡೀತು. ಕವಿಯ ಮೇಲೆ ಅವಳು ಸಿಟ್ಟಾದರೆ ತಪ್ಪೇನು? ಅರ್ಧ ಗಳಿಗೆಯಲ್ಲಿ ಅದನ್ನು ಬುಡಮೇಲು ಮಾಡಿದ ಜವಾಬು ಆ ಪುಟದಲ್ಲಿಲ್ಲ. ಹಾಡಿದವನು ಗುರುವಿನಿಂದ ಬಂದ ಪಕ್ಷವನ್ನು ಹಿಡಿದು ವಾದಿಸಿದನೇ ಹೊರತು ಮನೆಯಾಕೆಯ ಬಗೆಗಿನ ತನ್ನ ಅಭಿಪ್ರಾಯವನ್ನಲ್ಲ ಎಂಬುದೂ ಅಲ್ಲಿ ತಿಳಿಯದು. ಧ್ವನಿಸುರುಳಿಗಳ ಕಾಲದಲ್ಲಿಯೂ ಈ ಕೊರತೆ ನೀಗಲಿಲ್ಲ. ಇಂದು ಮೊಬೈಲಿನಲ್ಲಿ ಹರಿದಾಡುವ ತುಣುಕಿನಲ್ಲಂತೂ ಪದದ ಅರ್ಧವಿದ್ದರೆ ಅದೇ ಪುಣ್ಯ!

ಬಂಗಾಳದ ಕವಿಗಾನದಲ್ಲಿ ಸವಾಲಿನ ಹಾಡಿಗೆ 'ಚಾಪಾನ್' ಎಂದೂ ಜವಾಬಿಗೆ 'ಉತೋರ್' ಎಂದೂ ಬೇರೆಬೇರೆ ಹೆಸರೇ ಇವೆ; ಒಂದನ್ನು ಕಂಡೊಡನೆ ಇನ್ನೊಂದನ್ನು ಹುಡುಕುವಂತೆ ಆ ಹೆಸರೇ ನೆನಪಿಸುತ್ತದೆ. ನಮ್ಮಲ್ಲಿ ಅಚ್ಚು ಹಾಕುವವರು ಪ್ರತಿ ಪದದ ನೆತ್ತಿಯ ಮೇಲೆ 'ಇದು ಇಂಥ ಪದಕ್ಕೆ ಜವಾಬು' ಎಂದು ಒಂದು ಸಾಲು ಹಾಕಿದರೂ ಸಾಕಾಗುತ್ತಿತ್ತು. ಜವಾಬು ಸಿಗದಿದ್ದಲ್ಲಿ ಸಿಕ್ಕಿಲ್ಲವೆಂದಾದರೂ ಬರೆಯಬಹುದು.

ಹೇಳಿದಷ್ಟು ಸುಲಭದ ಕೆಲಸವೇನೂ ಇದಲ್ಲ. ಮೇಳದವರ ಕೈಬರಹದ ವಹಿಗಳಲ್ಲಿ ಅವರವರ ಪದಗಳು ಇರುವುದೇ ಸಹಜ. ಎದುರಾಳಿಯ ಹಾಡನ್ನು ಯಾರು ಬರೆದಿಟ್ಟಾರು? ಅಣ್ಣಿಗೇರಿಯ ಒಂದು ಮನೆಯಲ್ಲಿ ಜವಾಬು ಇದ್ದರೆ ಅದರ ಸವಾಲು ಕಲಘಟಗಿಯ ಯಾವುದೋ ಪೆಟ್ಟಿಗೆಯಲ್ಲಿದ್ದೀತು. ಸಂಗ್ರಾಹಕನು ಎರಡೂ ಊರಿನ ಬಸ್ಸು ಹತ್ತಬೇಕು. ಅದೂ ಎರಡೂ ಕಡೆಯ ಮುದಿ ಹಾಡುಗಾರರು ಬದುಕಿರುವಾಗಲೇ. ಯಾವುದು ಯಾವುದಕ್ಕೆ ಎಂಬುದು ವಹಿಯಲ್ಲಿಲ್ಲ, ಅವರ ನೆನಪಿನಲ್ಲಿದೆ.