ಬಹುಮಾನ ಪ್ರಶ್ನೆಗೆ ಸಿಗಲಿ

ಬೆನ್ನು, ಕುತ್ತಿಗೆಯ ಕೀಲುಗಳಿಗೆ ಕೈಯಿಂದಲೇ ಚಿಕಿತ್ಸೆ ಕೊಡುವ ಕೈರೋಪ್ರಾಕ್ಟಿಕ್ ವಿದ್ಯೆಯನ್ನು ನಾನು ಅಮೆರಿಕದಲ್ಲಿ ಕಲಿಸುತ್ತೇನೆ. ಕಳೆದ ವರ್ಷ ನನ್ನ ಇಬ್ಬರು ವಿದ್ಯಾರ್ಥಿನಿಯರು ಸರಳವಾದೊಂದು ಪರೀಕ್ಷೆ ಮಾಡಿದರು. ಬೋರಲು ಮಲಗಿದ ಸಹಪಾಠಿಯ ಬೆನ್ನನ್ನು ಒಬ್ಬಳು ಬೆರಳಿಂದ ಒತ್ತಿ ನೋಡಿ, ಬಿಗಿದ ಕೀಲು ಇಲ್ಲಿದೆ ಎಂದು ಕಣ್ಣಿಗೆ ಕಾಣದ ಶಾಯಿಯಲ್ಲಿ ಚುಕ್ಕೆ ಇಡುತ್ತಾಳೆ. ಅವಳು ಹೊರಗೆ ಹೋದ ಮೇಲೆ ಇನ್ನೊಬ್ಬಳು ಬಂದು ತನ್ನ ಚುಕ್ಕೆ ಇಡುತ್ತಾಳೆ. ದೀಪ ಆರಿಸಿ ನೇರಳಾತೀತ ಟಾರ್ಚ್ ಹಿಡಿದರೆ ಎರಡೂ ಹೊಳೆಯುತ್ತವೆ. ಎಷ್ಟೋ ಬೆನ್ನುಗಳ ಮೇಲೆ ಅವು ಒಂದೆಡೆ ಸೇರಿರಲಿಲ್ಲ. ಕೆಲವರಲ್ಲಿ ಎರಡು ಮೂಳೆಯಷ್ಟು ದೂರ.

ಕಂಡದ್ದನ್ನು ಹಾಗೆಯೇ ಬರೆದು ವಿದ್ಯಾರ್ಥಿ ಸಮ್ಮೇಳನವೊಂದಕ್ಕೆ ಕಳಿಸಿದರು. ಬಹುಮಾನ ಹೋದದ್ದು, ಬೆರಳೆಣಿಕೆಯ ರೋಗಿಗಳ ನೋವು ಇಳಿಯಿತೆಂದು ಹೋಲಿಕೆಯ ಗುಂಪೇ ಇಲ್ಲದೆ ತೋರಿಸಿದ ಪೋಸ್ಟರ್‌ಗೆ. ನನಗೆ ಇವತ್ತಿಗೂ ಅದು ಸಂಕಟ.

ಏಕೆಂದರೆ ನಮ್ಮ ವೃತ್ತಿಯಲ್ಲಿ ನಂಬಿಕೆ ಮೊದಲು ಬಂತು, ಪರೀಕ್ಷೆ ಬಹಳ ತಡವಾಗಿ ಬಂತು. 1895ರಲ್ಲಿ ಅಯೋವಾದ ಡೇವನ್‌ಪೋರ್ಟ್‌ನಲ್ಲಿ ಇದನ್ನು ಹುಟ್ಟುಹಾಕಿದ ಡಿ.ಡಿ. ಪಾಮರ್, ಶೇ 95ರಷ್ಟು ಕಾಯಿಲೆಗಳಿಗೆ ಜರುಗಿದ ಬೆನ್ನುಮೂಳೆಯೇ ಕಾರಣ ಎಂದು ಬರೆದ. ಪುರಾವೆ ಇರಲಿಲ್ಲ. ದೀರ್ಘಕಾಲದ ಸೊಂಟನೋವಿನ 26 ಪ್ರಯೋಗಗಳನ್ನು ಒಟ್ಟಿಗೆ ತೂಗಿದ ಕಾಕ್ರೇನ್ ಸಂಸ್ಥೆಯ 2011ರ ವಿಮರ್ಶೆ, ಈ ಚಿಕಿತ್ಸೆಗೂ ವ್ಯಾಯಾಮದಂಥ ಬೇರೆ ಚಿಕಿತ್ಸೆಗಳಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮೂಳೆ ಲಟಕ್ಕೆನ್ನುವ ವಿಡಿಯೊ ನೋಡಿದ ನೆಂಟರು ಬೆಂಗಳೂರಿಂದ ಫೋನ್ ಮಾಡಿ "ಅಕ್ಕಾ, ಇದು ನಿಜವಾ?" ಎಂದು ಕೇಳಿದಾಗ ನಾನು ಹೇಳುವುದು ಇಷ್ಟನ್ನೇ.

ಪ್ರಶಸ್ತಿ ಹೇಗಿರಬೇಕು ಎಂಬುದಕ್ಕೆ ಮಾದರಿ ಭಾರತದಲ್ಲೇ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 1979ರಿಂದ ವೈದ್ಯಕೀಯ ವಿದ್ಯಾರ್ಥಿಗಳಿಗೆ ಎರಡು ತಿಂಗಳ ಸಂಶೋಧನೆಗೆ ವಿದ್ಯಾರ್ಥಿವೇತನ ಕೊಡುತ್ತಿದೆ. ನನ್ನ ತಮ್ಮ ಮೈಸೂರಿನಲ್ಲಿ ಎಂಬಿಬಿಎಸ್ ಓದುವಾಗ ಅದನ್ನು ಪಡೆದ. ಏನು ಕೇಳುತ್ತೀಯ, ಎಷ್ಟು ಜನರನ್ನು ನೋಡುತ್ತೀಯ, ಹೇಗೆ ಅಳೆಯುತ್ತೀಯ ಎಂದು ಮೊದಲೇ ಬರೆದು ಕೊಡಬೇಕು. ಆಯ್ಕೆ ಆಗುವುದು ಅದರ ಮೇಲೆ. ಫಲಿತಾಂಶ ಆಗಿನ್ನೂ ಹುಟ್ಟಿಯೇ ಇರುವುದಿಲ್ಲ. ತಮ್ಮನ ಊಹೆ ಕೊನೆಗೆ ಸುಳ್ಳಾಯಿತು. ವರದಿ ಒಪ್ಪಿಗೆಯಾಯಿತು, ಹಣವೂ ಬಂತು.

ನಮ್ಮ ಕಾಲೇಜುಗಳೂ ಸಂಘಗಳೂ ಹೀಗೆಯೇ ಮಾಡಲಿ. ಫಲಕದ ಬದಲು ಬೇಸಿಗೆ ರಜೆಯ ಸಂಬಳ ಕೊಡಿ. ಸಾಲ ಮಾಡಿ ಓದುವ ಮಕ್ಕಳು ಆ ಎರಡು ತಿಂಗಳು ಹೋಟೆಲಿನಲ್ಲಿ ತಟ್ಟೆ ಎತ್ತುವುದು ತಪ್ಪುತ್ತದೆ. ತೀರ್ಪುಗಾರರಲ್ಲಿ ನಮ್ಮ ವೃತ್ತಿಯವರಲ್ಲದ ಸಂಖ್ಯಾಶಾಸ್ತ್ರಜ್ಞರೊಬ್ಬರು ಇರಲೇಬೇಕು. ಹಳೆಯ ಪ್ರಯೋಗವನ್ನು ಮತ್ತೆ ಮಾಡಿ ನೋಡುವವರಿಗೂ ಒಂದು ಪಾಲು ಇರಲಿ. ನಾನಾದರೆ ಮೊದಲ ಪ್ರಶಸ್ತಿಯನ್ನು ಅಡ್ಡಪರಿಣಾಮ ದಾಖಲಿಸುವವರಿಗೆ ಕೊಡುತ್ತೇನೆ. ಕುತ್ತಿಗೆ ತಿರುಗಿಸಿದ ಮೇಲೆ ರಕ್ತನಾಳ ಹರಿದು ಪಾರ್ಶ್ವವಾಯು ಆದ ಅಪರೂಪದ ವರದಿಗಳಿವೆ. ಅದರ ಲೆಕ್ಕ ಇಡಬೇಕಾದವರು ದಿನವೂ ಕುತ್ತಿಗೆಗೆ ಕೈಹಾಕುವ ನಾವೇ.